ರಾಯಭಾರ ಕಚೇರಿಯ ಗೇಟಿಗೆ ಲ್ಯುಬೆನ್‌ನನ್ನು ಅಂಟಿಸಿದ್ದು

೧.

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕಟ್ಟಡದ ಕಥೆಯನ್ನು ಅಡಿಪಾಯದಿಂದ ಶುರು ಮಾಡಬೇಕಂತೆ. ಅಡಿಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ, ಓದುವವರಿಗೂ ಬೇಜಾರು. ನನಗೆ ಈ ಕೆಲಸ ವಹಿಸಿದ ರಾಯಭಾರ ಕಚೇರಿಯವರು (ಯಾವ ದೇಶದವರು ಎಂದು ಹೇಳುವುದಿಲ್ಲ, ನನಗೂ ಆಗಾಗ ವೀಸಾ ಬೇಕಾಗುತ್ತದೆ) ಮೊದಲ ವಾಕ್ಯವನ್ನು ತಾವೇ ಬರೆದು ಕಳಿಸಿದ್ದಾರೆ: "ರಾಜಧಾನಿ ಸೋಫಿಯಾ ನಗರದ ಹೃದಯಭಾಗದಲ್ಲಿರುವ ಈ ಭವ್ಯ ಕಟ್ಟಡವನ್ನು ಸ್ಥಳೀಯ ಗಣ್ಯರೊಬ್ಬರು ಕಟ್ಟಿಸಿದ್ದು, 1952ರಲ್ಲಿ ನಮ್ಮ ದೇಶಕ್ಕೆ ದೊರೆಯಿತು." ಎಪ್ಪತ್ತು ವರ್ಷ ತುಂಬಿದ ಸಂಭ್ರಮಕ್ಕೆ ಮೂವತ್ತೆರಡು ಪುಟಗಳ ಬಣ್ಣದ ಪುಸ್ತಿಕೆ ಆಗಬೇಕಂತೆ. ನಾನು ಮೂವತ್ತೊಂದೂವರೆ ಪುಟ ಹಿಗ್ಗಿಸಬೇಕು, ಅಷ್ಟೇ.

೨.

1937. ದಂತವೈದ್ಯ ಅಸೆನ್ ತಾಸೆವ್ ಊರಿನ ಅರ್ಧ ಹಲ್ಲು ಕಿತ್ತು, ಬಂದ ದುಡ್ಡಿನಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದ...

"ಅಳಿಸು ಅದನ್ನ. ನಮ್ಮಪ್ಪ ಹಲ್ಲು ಕೀಳ್ತಿರಲಿಲ್ಲ, ಉಳಿಸ್ತಿದ್ದ. ಕೀಳೋದಕ್ಕೆ ಎದುರುಗಡೆ ಇನ್ನೊಬ್ಬ ಇದ್ದ."

ಹೀಗೆಂದವಳು ನೆವೆನಾ ತಾಸೆವಾ, ಆ ದಂತವೈದ್ಯನ ಮಗಳು. ವಯಸ್ಸು ಎಪ್ಪತ್ತೆಂಟು, ಮೂವತ್ತು ವರ್ಷ ಶಾಲೆಯಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವಳು. ಎರಡು ಫೋಟೊ ಕೇಳೋಣ ಎಂದು ಹೋಗಿದ್ದೆ. ಅಂದಿನಿಂದ ನನ್ನ ಪ್ರತಿ ವಾಕ್ಯಕ್ಕೂ ಕೆಂಪು ಶಾಯಿ ಹಾಕುತ್ತಿದ್ದಾಳೆ.

೨. (ಮತ್ತೆ)

ಹಲ್ಲು ಉಳಿಸುವ ಅಸೆನ್ ತಾಸೆವ್ ಮನೆ ಕಟ್ಟಿಸಿದ. ಒಂಬತ್ತು ವರ್ಷಕ್ಕೆ ಹೊಸ ಕಮ್ಯುನಿಸ್ಟ್ ಸರ್ಕಾರ ಮನೆಯನ್ನು ವಶಕ್ಕೆ ತೆಗೆದುಕೊಂಡು, ಅದಕ್ಕೆ ಇನ್ನೂ ಆರು ಸಂಸಾರ ತುಂಬಿಸಿತು. ತಾಸೆವ್ ಸಂಸಾರಕ್ಕೆ ಉಳಿದದ್ದು ಒಂದು ಕೋಣೆ, ನಡುವೆ ಒಂದು ಪರದೆ. ಅದಾಗಿ ಆರು ವರ್ಷಕ್ಕೆ, ವಿದೇಶಿ ರಾಯಭಾರಿ ಬರುತ್ತಾರೆ, ಒಂದು ವಾರದಲ್ಲಿ ಜಾಗ ಖಾಲಿ ಮಾಡಿ ಎಂದಿತು. ರೋಗಿಗಳು ಕೂರುವ ಕುರ್ಚಿ ಎರಡು ದಿನ ಫುಟ್‌ಪಾತಿನ ಮೇಲಿತ್ತು. ಹೋಗಿಬರುವವರು ಅದರಲ್ಲಿ ಒರಗಿ ಕೂತು, ಮಜಾ ನೋಡಿ ಹೋದರು. ಆಗ ನೆವೆನಾಳಿಗೆ ಎಂಟು, ಅಣ್ಣ ಲ್ಯುಬೆನ್‌ನಿಗೆ ಹದಿಮೂರು. ಕುರ್ಚಿಗೆ ಕೈಹಾಕಿದವರನ್ನೆಲ್ಲ ಲ್ಯುಬೆನ್ ಕಚ್ಚಲು ಹೋಗುತ್ತಿದ್ದನಂತೆ. (ಪುಸ್ತಿಕೆಯಲ್ಲಿ ಇದಕ್ಕೆ ಜಾಗವಿಲ್ಲ. ಇಲ್ಲಿದೆ.)

೪.

ಮೂರನ್ನು ಹರಿದುಹಾಕಿದೆ. ಅದರಲ್ಲಿ ವಾಸ್ತುಶಿಲ್ಪದ ವರ್ಣನೆ ಇತ್ತು. ನಿಮಗೇನೂ ನಷ್ಟವಿಲ್ಲ.

೫.

ಲ್ಯುಬೆನ್ ಸತ್ತು ನಲವತ್ತು ದಿನವಾಯಿತು. ಇಲ್ಲಿಂದ ಕಥೆ ಎನ್ನಬಹುದಾದದ್ದು ಶುರು.

ನಮ್ಮೂರಿನಲ್ಲಿ ಸತ್ತವರು ಬಾಗಿಲಿಗೆ ಬರುತ್ತಾರೆ. ಕಪ್ಪು ಅಂಚಿನ ಒಂದು ಹಾಳೆ, ಅದರ ಮೇಲೆ ಫೋಟೊ, ಹೆಸರು, ಇಷ್ಟು ದಿನವಾಯಿತು ಎಂಬ ಸಾಲು. ನಲವತ್ತು ದಿನಕ್ಕೊಂದು, ಆರು ತಿಂಗಳಿಗೊಂದು, ಆಮೇಲೆ ವರ್ಷಕ್ಕೊಂದು. ಅವರು ಬಾಳಿದ ಮನೆಯ ಬಾಗಿಲಿಗೆ ಅದನ್ನು ಅಂಟಿಸುತ್ತಾರೆ. ಅಂಟಿಸಿದ್ದನ್ನು ಯಾರೂ ಕೈಯಾರೆ ಹರಿಯುವುದಿಲ್ಲ. ಮಳೆ ಬಿಸಿಲಿಗೆ ತಾನಾಗಿ ಉದುರಬೇಕು.

ನೆವೆನಾ ಅಣ್ಣನ ಫ್ಲ್ಯಾಟಿನ ಬಾಗಿಲಿಗೆ ಒಂದು ಅಂಟಿಸಿದಳು. ಬಸ್ ಸ್ಟಾಪಿಗೆ ಒಂದು. ಮೂರನೆಯದನ್ನು ಅವನು ಹುಟ್ಟಿದ ಮನೆಗೆ ಅಂಟಿಸಬೇಕು. ಹುಟ್ಟಿದ ಮನೆಯ ಗೇಟಿನ ಮುಂದೆ ಈಗ ಲೋಹ ಪತ್ತೆ ಮಾಡುವ ಯಂತ್ರ, ಎರಡು ಕ್ಯಾಮೆರಾ, ಒಬ್ಬ ಕಾವಲುಗಾರ.

ನನ್ನೊಳಗಿನ ಕಥೆಗಾರ ಎದ್ದು ಕೂತ. "ನೆವೆನಾ, ಮನೆಯನ್ನೇ ವಾಪಸ್ ಕೇಳಿ. ಕೋರ್ಟು, ವಕೀಲರು, ಎರಡು ದೇಶಗಳ ಜಗಳ! ಕಥೆಗೆ ಒಂದು ತೂಕ ಬರುತ್ತೆ."

"ಹದಿನಾಲ್ಕು ಕೋಣೆ ಇಟ್ಕೊಂಡು ಏನು ಮಾಡ್ಲಿ? ನೀನು ಬಂದು ಕಸ ಗುಡಿಸ್ತೀಯಾ? ನನಗೆ ಗೇಟು ಸಾಕು. ಗೇಟೂ ಬೇಡ, ಗೇಟಿನ ಮೇಲೆ ಒಂದು ಹಾಳೆಯಷ್ಟು ಜಾಗ."

೬.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅಂಟಿಸಿಯೇಬಿಟ್ಟಳು. ಕಾವಲುಗಾರ ಪ್ಲಾಮೆನ್ ಆಗ ಕಾಫಿ ಮಿಷನ್ನಿನ ಜೊತೆ ಗುದ್ದಾಡುತ್ತಿದ್ದ.

ಒಂಬತ್ತಕ್ಕೆ ವೀಸಾ ಸಾಲು ನಿಂತಿತು. ಸಾಲಿನವರು ಗೇಟಿನ ಮೇಲೆ ಲ್ಯುಬೆನ್‌ನನ್ನು ನೋಡಿದರು. ಈ ಬಾಗಿಲಿನ ಮೇಲಿದ್ದಾನೆ ಎಂದ ಮೇಲೆ ಈ ಮನೆಯವನೇ, ಅಂದರೆ ಕಚೇರಿಯವನೇ ಎಂದು ನಿಶ್ಚಯಿಸಿಬಿಟ್ಟರು. ಕಷ್ಟಕಾಲದಲ್ಲಿ ಬರಿಗೈಲಿ ಹೋಗಿ ವೀಸಾ ಕೇಳುವುದು ಹೇಗೆ? ಒಬ್ಬ ಓಡಿಹೋಗಿ ಸೇವಂತಿಗೆ ತಂದ. ಅವನನ್ನು ನೋಡಿ ಹದಿಮೂರು ಜನ ತಂದರು, ನಮ್ಮಲ್ಲಿ ಸತ್ತವರಿಗೆ ಕೊಡುವಂತೆ ತಲಾ ಸರಿಸಂಖ್ಯೆಯ ಹೂವು. ಕಿಟಕಿಯಾಚೆ ಕೂತ ಅಧಿಕಾರಿಗೆ ಒಬ್ಬೊಬ್ಬರೂ ಅರ್ಜಿಯ ಜೊತೆ ಹೂವು ಕೊಟ್ಟು "ದೇವರು ಅವರನ್ನ ಕ್ಷಮಿಸಲಿ" ಎಂದು ನಮ್ಮೂರಿನ ಸಂತಾಪದ ಮಾತು ಹೇಳಿದರು. ಹನ್ನೊಂದರ ಹೊತ್ತಿಗೆ ರಾಯಭಾರಿಗಳ ಕಿವಿಗೂ ಬಿತ್ತು. ಯಾರು ಸತ್ತದ್ದು ಎಂದು ಅವರು ಸಿಬ್ಬಂದಿಯನ್ನೆಲ್ಲ ಎರಡು ಸಲ ಎಣಿಸಿದರು.

೭.

ಎರಡನೇ ಕಾರ್ಯದರ್ಶಿ ಹೊರಗೆ ಬಂದ. (ಮೊದಲನೆಯವರು ರಜೆಯಲ್ಲಿದ್ದರು. ಅವರು ಯಾವಾಗಲೂ ರಜೆಯಲ್ಲೇ ಇರುತ್ತಾರೆ.) ನಮ್ಮ ಭಾಷೆಯನ್ನು ಪಾಠ ಹೇಳಿಸಿಕೊಂಡು ಕಲಿತವನು.

"ಈ ಪತ್ರವನ್ನು ಕೂಡಲೇ ತೆರವುಗೊಳಿಸಬೇಕಾಗಿ ಕೋರುತ್ತೇನೆ," ಎಂದ ಪ್ಲಾಮೆನ್‌ಗೆ.

ಪ್ಲಾಮೆನ್ ಟೋಪಿ ಸರಿಮಾಡಿಕೊಂಡ. "ಆಗಲ್ಲ ಸಾರ್. ನನ್ನ ಕೆಲಸದ ಕಾಗದದಲ್ಲಿ ಬಾಂಬ್ ಇದೆ, ಚಾಕು ಇದೆ, ಹುಚ್ಚು ನಾಯಿ ಕೂಡ ಇದೆ. ಸತ್ತವರನ್ನ ಹರಿಯೋದು ಇಲ್ಲ."

"ಅದು ಬರಿಯ ಕಾಗದ!"

"ಹಾಗಿದ್ರೆ ನೀವೇ ಹರೀರಿ ಸಾರ್. ನಾನು ಆ ಕಡೆ ತಿರುಗಿ ನಿಂತಿರ್ತೀನಿ."

ನೆವೆನಾ ಸ್ಟೀಲ್ ಡಬ್ಬಿಯಿಂದ, ಸತ್ತವರ ಹೆಸರಿನಲ್ಲಿ ಹಂಚುವ, ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ಚಿಕ್ಕ ಲೋಟಗಳಿಗೆ ತುಂಬಿ ಸಾಲಿನವರಿಗೆ ಕೊಡುತ್ತಿದ್ದಳು. ಕಾರ್ಯದರ್ಶಿಯ ಕೈಗೂ ಒಂದು ಲೋಟ ಬಂತು. ಹಾಳೆ ಕೆರೆದು ತೆಗೆಯಲೆಂದು ಅವನು, ಗಾಜಿನ ಮೇಲಿನ ಮಂಜು ಕೆರೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಕಾರಿನಿಂದ ತಂದಿದ್ದ. ಈಗ ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಗೋಧಿ.

೮. ಇಲ್ಲಿ ನಿಲ್ಲಿಸಿ ಕೆಲವು ಮುಕ್ತಾಯಗಳನ್ನು ತೋರಿಸುತ್ತೇನೆ

(ಅ) ಅವನು ಕೆರೆಯುತ್ತಾನೆ. ಲ್ಯುಬೆನ್ ಚೂರುಚೂರಾಗಿ ಉದುರುತ್ತಾನೆ. ನೆವೆನಾ ಕುಸಿದು ಕೂರುತ್ತಾಳೆ.

"ನಾನು ಕೂರೋದಿಲ್ಲ. ಮಂಡಿ ನೋವು, ಕೂತ್ರೆ ಏಳೋಕಾಗಲ್ಲ. ಮುಂದಿನದು ಹೇಳು."

(ಆ) ಅವನು ಹೆಸರು ಓದುತ್ತಾನೆ, ಗಂಟಲು ಕಟ್ಟುತ್ತದೆ, ಮನೆಯ ಬೀಗದ ಕೈಯನ್ನು ಅವಳ ಕೈಗಿಡುತ್ತಾನೆ.

"ಥೂ! ಇದಕ್ಕೂ ದುಡ್ಡು ಕೊಡ್ತಾರಾ ನಿಂಗೆ?"

(ಇ) ಇದನ್ನು ನಾನು ಬರೆಯಲಿಲ್ಲ. ಇದು ನಡೆಯಿತು.

೯.

"ಇದು ಎಷ್ಟು ಕಾಲ ಇರುತ್ತದೆ?" ಎಂದು ಕಾರ್ಯದರ್ಶಿ ಪ್ಲಾಮೆನ್‌ನನ್ನು ಕೇಳಿದ.

"ತಾನಾಗಿ ಉದುರೋವರೆಗೆ."

"ಆಮೇಲೆ?"

"ಆರು ತಿಂಗಳಿಗೆ ಇನ್ನೊಂದು. ವರ್ಷಕ್ಕೆ ಇನ್ನೊಂದು. ಆಮೇಲೆ ವರ್ಷಾ ವರ್ಷಾ."

"ಎಲ್ಲಿಯವರೆಗೆ?"

"ಅಂಟಿಸೋರು ಇರೋವರೆಗೆ, ಸಾರ್."

ಕಾರ್ಯದರ್ಶಿ ತಿರುಗಿ ನೆವೆನಾಳನ್ನು ನೋಡಿದ. ಊರುಗೋಲು, ಊದಿದ ಕಾಲು, ಗೋಧಿ ಬಡಿಸಲು ಬಾಗಿದ ಬೆನ್ನು, ಒಂದನ್ನೂ ಬಿಡದೆ ನೋಡಿದ. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ. ಮುಖ ಹಗುರಾಯಿತು.

"ಹಾಗಾದರೆ ಇರಲಿ," ಎಂದು ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಒಳಗೆ ಹೋದ. ಸೌಜನ್ಯದ ಮನುಷ್ಯ, ಗೋಧಿಯನ್ನೂ ತಿಂದ.

ಲ್ಯುಬೆನ್ ಗೆದ್ದ! ನಾನು ಪೆನ್ನು ಮುಚ್ಚಿದೆ. ಇಷ್ಟು ಚೆಂದದ ಮುಕ್ತಾಯ ಹುಡುಕಿದರೂ ಸಿಗುವುದಿಲ್ಲ ಎಂದುಕೊಂಡೆ.

೧೦.

ನೆವೆನಾ ಮಾತ್ರ ಗೆದ್ದವಳ ಹಾಗೆ ನಿಂತಿರಲಿಲ್ಲ. ಆ ನೋಟ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. ಹರಿದಿದ್ದರೆ ಬೈಯಬಹುದಿತ್ತು, ನಾಳೆ ಇನ್ನೊಂದು ತಂದು ಅಂಟಿಸಬಹುದಿತ್ತು. ಇವನು ಅವಳ ಕಾಲ ಮುಗಿಯುವವರೆಗೆ ಕಾಯಲು ಒಪ್ಪಿಬಿಟ್ಟಿದ್ದ. ತನ್ನ ನಂತರವೂ ಅಂಟಿಸುವವರು ಅವಳಿಗೆ ಈಗಲೇ ಬೇಕಿತ್ತು.

"ನಿನಗೆಷ್ಟು ವಯಸ್ಸು?" ಎಂದು ನನ್ನ ಮೇಲೆ ಹರಿಹಾಯ್ದಳು.

"ಅರವತ್ಮೂರು."

"ಹೃದಯ?"

"ಎರಡು ಸ್ಟೆಂಟ್ ಇದೆ."

"ನೀನು ದಂಡ. ಪ್ಲಾಮೆನ್, ನಿನಗೆಷ್ಟು ಮಗಾ?"

"ಮೂವತ್ತೊಂದು ಅಜ್ಜಿ. ಆದ್ರೆ ಈಗ ಹರಿಯಲ್ಲ ಅಂದೆನಲ್ಲ, ಈ ತಿಂಗಳೇ ಮನೆಗೆ ಕಳಿಸ್ತಾರೆ. ಆಮೇಲೆ ನಾನೂ ಸ್ಪೇನಿಗೆ, ಅಕ್ಕನ ಹತ್ರ."

ಆಗ ನೆವೆನಾ ಅಂಟಿನ ಡಬ್ಬಿ ಹಿಡಿದು ವೀಸಾ ಸಾಲಿನ ಉದ್ದಕ್ಕೂ ನಡೆದಳು. ಮದುವೆಗೆ ಗಂಡು ಹುಡುಕುವವಳಂತೆ ಒಬ್ಬೊಬ್ಬರ ವಯಸ್ಸು, ಆರೋಗ್ಯ ವಿಚಾರಿಸಿದಳು. ಇಪ್ಪತ್ನಾಲ್ಕು, ಮೂವತ್ತು, ಇಪ್ಪತ್ತೇಳು. ಎಂಥ ಗಟ್ಟಿ ಮಕ್ಕಳು! ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಅಜ್ಜಿ, ನಾನು ಹೋಗ್ತಿದ್ದೀನಲ್ಲ." ಹೋಗುವವರೇ ಅಲ್ಲವೆ ಅಲ್ಲಿ ಸಾಲು ನಿಲ್ಲುವುದು.

ಕೊನೆಯಲ್ಲಿ ಬಿಲ್ಯಾನಾ ಎಂಬ ನರ್ಸ್ ಇದ್ದಳು. ಇಪ್ಪತ್ತೈದು ವರ್ಷ, ಮೂರನೇ ಸಲದ ಅರ್ಜಿ, ಎರಡು ಸಲ ತಿರಸ್ಕಾರ. ಗೋಧಿ ಅಗಿಯುತ್ತಾ ನಕ್ಕಳು.

"ಈ ಸಲಾನೂ ಕೊಡ್ಲಿಲ್ಲ ಅಂದ್ರೆ ನಾನೇ ಅಂಟಿಸ್ತೀನಿ ಅಜ್ಜಿ. ಸಾಯೋವರೆಗೂ ಅಂಟಿಸ್ತೀನಿ, ಇವರ ಹೊಟ್ಟೆ ಉರಿಸೋಕಾದ್ರೂ. ನಿಮ್ಮದನ್ನೂ ಅಂಟಿಸ್ತೀನಿ."

"ಆಣೆ ಹಾಕು."

"ಆಣೆ."

ಧ್ವನಿವರ್ಧಕ ಅವಳ ಹೆಸರು ಕರೆಯಿತು. ಬಿಲ್ಯಾನಾ ಕೂದಲು ಸವರಿಕೊಂಡು, ತುಟಿಯಂಚಿನ ಸಕ್ಕರೆ ಒರೆಸಿಕೊಂಡು ಒಳಗೆ ಹೋದಳು. ಅವಳ ತಾಯಿ ಆ ದೇಶದಲ್ಲಿ ಮುದುಕರ ಆರೈಕೆ ಮಾಡುತ್ತಾಳೆ, ಇಬ್ಬರೂ ಮುಖ ನೋಡಿ ಆರು ವರ್ಷವಾಗಿದೆ. ಇದು ನನಗೆ ಗೊತ್ತು. ನೆವೆನಾಳಿಗೂ ಗೊತ್ತು, ಗೋಧಿ ಕೊಡುವಾಗಲೇ ಕೇಳಿ ತಿಳಿದಿದ್ದಳು.

(ನಿಮಗೆ ಈಗ ಬೇಕಾದ್ದು ಒಂದೇ, ವೀಸಾ ಸಿಕ್ಕಿತೇ ಇಲ್ಲವೇ. ಎರಡನ್ನೂ ಬರೆದಿಟ್ಟಿದ್ದೇನೆ. ಯಾವುದನ್ನೂ ಕೊಡುವುದಿಲ್ಲ. ನೀವಾದರೂ ಯಾವುದನ್ನು ತೆಗೆದುಕೊಳ್ಳುತ್ತಿದ್ದಿರಿ?)

ಬಾಗಿಲು ಮುಚ್ಚಿತು. ನೆವೆನಾ ಡಬ್ಬಿಯನ್ನು ಕೆಳಗಿಟ್ಟು, ಮೂರು ಬೆರಳು ಕೂಡಿಸಿ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. ತುಟಿ ಬಹಳ ಹೊತ್ತು ಅಲ್ಲಾಡುತ್ತಲೇ ಇತ್ತು.

"ಏನು ಬೇಡಿಕೊಂಡ್ರಿ?" ಎಂದೆ. "ಸಿಗಲಿ ಅಂತಲೋ, ಸಿಗದಿರಲಿ ಅಂತಲೋ?"

"ನಿನಗ್ಯಾಕೆ ಹೇಳ್ಲಿ?" ಎಂದಳು ಮುಚ್ಚಿದ ಬಾಗಿಲಿನಿಂದ ಕಣ್ಣು ತೆಗೆಯದೆ. "ಬರೆದುಬಿಡ್ತೀಯ."