ಸಿಗ್ನೆಯ ಬೆಚ್ಚಗಿನ ಗೋಡೆ

ಬ್ಯೋರ್ಕ್‌ಹುಲ್ಟ್ ಊರಿನ ಇಟ್ಟಿಗೆ ಗೋಪುರದೊಳಗಿನ ಟ್ರಾನ್ಸ್‌ಫಾರ್ಮರಿಗೆ ಐವತ್ತೆರಡು ವರ್ಷ. ಹಗಲೂ ರಾತ್ರಿ ಗುಂಯ್‌ಗುಡುತ್ತಾ ಅದು ಒಂದಿಷ್ಟು ವಿದ್ಯುತ್ತನ್ನು ಶಾಖವಾಗಿಸಿ ಪೋಲು ಮಾಡುತ್ತಿತ್ತು. ಆ ಶಾಖ ಹೋಗಿ ಸೇರುತ್ತಿದ್ದುದು ಸಿಗ್ನೆಯ ಬೆನ್ನಿಗೆ. ಹೊರಗೋಡೆಗೆ ಒತ್ತಿ ಹಾಕಿದ ಬೆಂಚಿನಲ್ಲಿ ಅವಳೂ ಗಂಡ ಸಿಕ್ಸ್ಟನ್ನೂ ಮೂವತ್ತು ಚಳಿಗಾಲ ಫ್ಲಾಸ್ಕಿನ ಕಾಫಿ ಕುಡಿದಿದ್ದರು. ಅವನು ತೀರಿಹೋಗಿ ಎರಡು ವರ್ಷವಾಗಿತ್ತು. ಅವಳು ಆಮೇಲೂ ಬಲತುದಿಯಲ್ಲೇ ಕೂರುತ್ತಿದ್ದಳು, ಎಡಗಡೆ ಅವನದು.

ಈ ಸಲ ಯಂತ್ರದ ಎಣ್ಣೆ ಸೋರತೊಡಗಿತು. ಹೊಸದು ತರಬೇಕು, ತಂದರೆ ಕಾಯಿದೆಯಂತೆ ಕಡಿಮೆ ಪೋಲು ಮಾಡುವುದನ್ನೇ ತರಬೇಕು. ಅಂಥದ್ದಕ್ಕೆ ಕಬ್ಬಿಣ, ತಾಮ್ರ ಎರಡೂ ಹೆಚ್ಚು, ಹಾಗಾಗಿ ಮೈಯೂ ದಪ್ಪ. ಬಾಗಿಲಿಗಿಂತ ನಾಲ್ಕು ಸೆಂಟಿಮೀಟರ್ ಅಗಲ. ಬಾಗಿಲು ಒಡೆಯೋಣವೆಂದರೆ ಗೋಪುರ ಸಂರಕ್ಷಿತ ಕಟ್ಟಡ, ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ.

ಊರಿನ ವಿದ್ಯುತ್ ಸಂಘ ಸಭೆ ಸೇರಿತು. ಇವರ ಸಭೆ ಮುಗಿಯುವುದು ಕೊನೆಯವನೂ ತಲೆಯಾಡಿಸಿದ ಮೇಲೆಯೇ. ಅಲ್ಲಿಯವರೆಗೆ ದಾಲ್ಚಿನ್ನಿ ಬನ್ನಿನ ತಟ್ಟೆ ಸುತ್ತುತ್ತಲೇ ಇರುತ್ತದೆ. ನಾಲ್ಕನೆಯ ಸಭೆಯಲ್ಲಿ ಎಂಜಿನಿಯರ್ ಟೂರೆ ಕಾಯಿದೆ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟ. ಕಂಬದ ಮೇಲೆ ಕೂರಿಸುವ ಯಂತ್ರಕ್ಕೆ ರಿಯಾಯಿತಿ ಇತ್ತು. ಅದು ಚಿಕ್ಕದು, ಸ್ವಲ್ಪ ಹೆಚ್ಚು ಪೋಲು ಮಾಡಿದರೂ ನಡೆಯುತ್ತದೆ.

"ಹಂಗಾದ್ರೆ ಗೋಪುರದೊಳಗೇ ಒಂದು ಕಂಬ ನೆಟ್ರಾಯ್ತಲ್ಲ," ಎಂದ.

ಯಾರೂ ನಗಲಿಲ್ಲ. ಅಧ್ಯಕ್ಷೆ ಕಂಬಕ್ಕೆ ಯಾವ ಬಣ್ಣವೆಂದು ಮಾತ್ರ ಕೇಳಿದಳು. ಪೋಲು ನಿಲ್ಲದಿದ್ದರೆ ಗೋಡೆಯೂ ಬೆಚ್ಚಗೇ ಇರುತ್ತದಲ್ಲ ಎಂದು ಸಿಗ್ನೆಗೆ ಆದ ಸಂತೋಷ ಅಷ್ಟಿಷ್ಟಲ್ಲ, ಎಲ್ಲರಿಗಿಂತ ಮೊದಲು ಕೈಯೆತ್ತಿದಳು.

ಕಂಬ ನಿಂತಿತು, ಅದರ ತುದಿಯಲ್ಲಿ ಯಂತ್ರ ಕೂತಿತು. ಶಾಖವೂ ಅದರ ಜೊತೆ ಮೇಲೇರಿತು. ಕೆಳಗಿನ ಗೋಡೆ ಮಂಜುಗಡ್ಡೆಯಂತೆ ಕೊರೆಯತೊಡಗಿತು. ಸಿಗ್ನೆ ಐದನೆಯ ಸಭೆಯಲ್ಲಿ ಮೆಲ್ಲಗೆ ವಿಷಯ ಎತ್ತಿದಾಗ ಎಲ್ಲರಿಗೂ ನಿಜವಾಗಿಯೂ ಬೇಜಾರಾಯಿತು. ಒಳ್ಳೆಯ ಜನ, ಅದೇ ತೊಂದರೆ. ಬೆಂಚನ್ನೂ ಎರಡೂವರೆ ಮೀಟರ್ ಮೇಲಕ್ಕೆ ಏರಿಸುವುದೆಂದು ಒಮ್ಮತದಿಂದ ತೀರ್ಮಾನಿಸಿದರು. ಇಟ್ಟಿಗೆಗೆ ಮೊಳೆ ಹೊಡೆಯುವಂತಿಲ್ಲವಾಗಿ ಮರದ ಅಟ್ಟಣಿಗೆ ಕಟ್ಟಿದರು, ಮೆಟ್ಟಿಲು ಇಟ್ಟರು, ಕಟಕಟೆ ಹಾಕಿದರು.

ಅಟ್ಟಣಿಗೆಗೂ ಒಂದು ಕಾಯಿದೆ ಇರಬೇಕೆ? ಇತ್ತು. ಅಷ್ಟು ಎತ್ತರದಲ್ಲಿ ಒಬ್ಬರೇ ಕೂರಬಹುದು.

ಫೆಬ್ರವರಿಯ ಒಂದು ಬೆಳಗ್ಗೆ ಟೂರೆ ಅವಳ ಕೈಹಿಡಿದು ಹತ್ತಿಸಿದ. ಗೋಡೆ ಹಿಂದಿನಂತೆಯೇ ಬೆಚ್ಚಗಿತ್ತು. ಬೆಂಚು ಮಾತ್ರ ಅರ್ಧವೇ ಇತ್ತು, ಎಡಗಡೆ ಗರಗಸ ಆಡಿದ ತುದಿಯನ್ನು ನುಣ್ಣಗೆ ಉಜ್ಜಿದ್ದರು.

"ಬೆಚ್ಚಗಿದೆಯಾ?" ಎಂದು ಕೇಳಿದ.

"ಇದೆಯಪ್ಪಾ. ಇನ್ನರ್ಧ ಎಲ್ಲಿ?"

"ಶೆಡ್ಡಲ್ಲಿದೆ. ಸೌದೆಗಾಗತ್ತೆ ಅಂತ ಇಟ್ಟಿದೀವಿ."

ಸಿಗ್ನೆ ಎದ್ದು, ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು. ಶೆಡ್ಡಿಗೆ ಹೋಗಿ ಆ ತುಂಡನ್ನು ಹಿಮದ ಮೇಲೆ ಎಳೆದು ತಂದಳು. ಟೂರೆ ಕೈಹಾಕಲು ಬಂದರೆ ಬಿಡಲಿಲ್ಲ. ಕೆಳಗಿನ ತಣ್ಣನೆಯ ಗೋಡೆಗೆ ಅದನ್ನು ಒರಗಿಸಿ, ಕಾಲಿಲ್ಲದ ಕಡೆಗೆ ಎರಡು ಇಟ್ಟಿಗೆ ಕೊಟ್ಟು, ಸಿಕ್ಸ್ಟನ್‌ನ ಜಾಗದಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು.