ಬರೀ ನೀರು

ನನ್ನ ಭಾವ ಮೂಳೆ ಡಾಕ್ಟರು. ಭಾವ ಅನ್ನುವ ಪದಕ್ಕೂ ಅವರ ಮುಖಕ್ಕೂ ಯಾವ ಸಂಬಂಧವೂ ಇಲ್ಲ. ಸಂತೋಷವಾದರೂ ಸಿಟ್ಟು ಬಂದರೂ ಅದು ಎಕ್ಸ್-ರೇ ಹಾಳೆಯ ಹಾಗೆಯೇ ಇರುತ್ತದೆ. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡು "ಹ್ಞಾಂ... ಹೇಗಂದ್ರೇ..." ಎಂದು ಎಳೆಯುತ್ತಾರೆ. ಹೇಗೆ ಅನ್ನುವುದು ಮಾತ್ರ ಕೊನೆಯವರೆಗೂ ಗೊತ್ತಾಗುವುದಿಲ್ಲ. ಆ ರಾಗವನ್ನು ನಾನು ಅವರಿಗಿಂತ ಚೆನ್ನಾಗಿ ಎಳೆಯುತ್ತೇನೆ. ಒಮ್ಮೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು, "ಹ್ಞಾಂ... ಹೇಗಂದ್ರೇ... ಕಾಫಿ" ಅಂದಾಗ ಅಕ್ಕ ಲೋಟ ತಂದು ನನ್ನ ಕೈಗಿಟ್ಟು, ಆಮೇಲೆ ಮುಖ ನೋಡಿ, ಸೌಟು ಎತ್ತಿಕೊಂಡು ಅಟ್ಟಿಸಿಕೊಂಡು ಬಂದಿದ್ದಳು.

ಹೊಟ್ಟೆಪಾಡಿಗೂ ನನಗೆ ಗಂಟಲೇ ಗತಿ. ರೇಡಿಯೋ ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಒಂದೇ ಜಾಹೀರಾತಿನಲ್ಲಿ ಅತ್ತೆ, ಸೊಸೆ, ಕುಕ್ಕರು ಮೂರೂ ನಾನೇ ಆಗಿದ್ದುಂಟು. ಅಕ್ಕ ನನ್ನನ್ನು ಕರೆಯುವುದೇ ಗಿಣಿ ಎಂದು.

ಅವಳು ಭಾವನ ಆಸ್ಪತ್ರೆಗೆ ನರ್ಸ್ ಆಗಿ ಸೇರಿ, ಡಾಕ್ಟರನ್ನೇ ಮದುವೆಯಾಗಿ, ಈಗ ಆಪರೇಷನ್ ಥಿಯೇಟರಿನ ಯಜಮಾನಿ. ಅಲ್ಲಿ ಭಾವನ ಕತ್ತಿಯೂ ಅವಳ ಮಾತು ಮೀರುವುದಿಲ್ಲ. ಕತ್ತರಿ, ಗರಗಸ, ಸುತ್ತಿಗೆ ಎಲ್ಲವನ್ನೂ ಟ್ರೇಗಳಲ್ಲಿ ಜೋಡಿಸಿ, ಬಟ್ಟೆ ಸುತ್ತಿ, ಹಬೆಯ ಪೆಟ್ಟಿಗೆಯಲ್ಲಿ ಬೇಯಿಸುತ್ತಾರೆ. ಬೆಂದು ಬಂದ ಟ್ರೇ ಬಿಚ್ಚಿದಾಗ ಒಂದು ಹನಿ ನೀರು ಕಂಡರೂ ಅಕ್ಕ ಅದನ್ನು ಮುಟ್ಟುವುದಿಲ್ಲ. ಬಟ್ಟೆ ಒದ್ದೆಯಾದರೆ ಹೊರಗಿನ ಕ್ರಿಮಿಗೆ ಒಳಗೆ ಬರಲು ದಾರಿಯಾಯಿತಂತೆ. ಊಟಕ್ಕೆ ಕೂತಾಗೆಲ್ಲ ನಾನು ಕೇಳುತ್ತಿದ್ದೆ: "ಅಕ್ಕಾ, ಇವತ್ತು ಟ್ರೇ ಹೆಂಗಿತ್ತು?"

"ಒದ್ದೆ."

"ಆಮೇಲೆ ಏನ್ಮಾಡ್ದೆ?"

"ಒದ್ದೆ!"

ಇಬ್ಬರೂ ನಗುತ್ತಿದ್ದೆವು. ಭಾವ ಅನ್ನ ಕಲಸುತ್ತಿದ್ದರು.

ನನ್ನ ಬಲಗಾಲಿನ ಮಂಡಿ ಸವೆದು, ಮೆಟ್ಟಿಲು ಹತ್ತುವಾಗ ಹಳೇ ಬಾಗಿಲಿನ ದನಿ ತೆಗೆಯತೊಡಗಿದಾಗ, ಬೇರೆ ಡಾಕ್ಟರ ಯೋಚನೆಯೇ ಬರಲಿಲ್ಲ. ಮನೆಯಲ್ಲೇ ಬಾವಿ ಇಟ್ಟುಕೊಂಡು ಯಾರಾದರೂ ಬೀದಿಗೆ ಹೋಗುತ್ತಾರೆಯೇ? ಭಾವ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಹ್ಞಾಂ... ಹೇಗಂದ್ರೇ... ನೀ ರಿಪ್ಲೇಸ್‌ಮೆಂಟ್" ಅಂದರು.

"ನೀ ಯಾಕೆ ಭಾವ, ನಾ ರಿಪ್ಲೇಸ್‌ಮೆಂಟ್ ಅನ್ನಿ. ಕಾಲು ನಂದು."

ಆಪರೇಷನ್ನಿಗೆ ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದರು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಅರೆಮಂಪರಿನಲ್ಲಿ ನನಗೆ ಅಕ್ಕನ ದನಿ ಕೇಳಿಸಿತು: "ರೀ, ಇದ್ರಲ್ಲಿ ನೀರಿದೆ."

ನನ್ನ ನಾಲಿಗೆಗೆ ಸೂಜಿ ಚುಚ್ಚಿರಲಿಲ್ಲವಲ್ಲ. "ಅಕ್ಕಾ, ಒಂದಾದ್ರೆ ನೀ, ಎರಡಾದ್ರೆ ನೀರು. ಎಡಗಡೇದೂ ಮಾಡ್ಬಿಡಿ!" ಅಂದೆ. ಪರದೆಯ ಆಚೆ ಯಾರೋ ಕಿಸಕ್ಕೆಂದರು. ಭಾವ ಏನೋ ಗೊಣಗಿದರು. ಆಮೇಲೆ ಗರಗಸದ ಸದ್ದು, ಬಡಗಿಯ ಅಂಗಡಿಯ ಹಾಗೆ ಸುತ್ತಿಗೆ ಏಟು. ನಾನು ನಗುತ್ತಲೇ ನಿದ್ದೆ ಹೋದೆ.

ಮನೆಗೆ ಬಂದ ಮೇಲೆ ಕೋಲು ಹಿಡಿದು ನಡೆದೆ, ಕುರ್ಚಿ ಹಿಡಿದು ಮಂಡಿ ಮಡಚಿದೆ. ಎಲ್ಲ ಸರಿಯಾಗಿತ್ತು, ಹೊಲಿಗೆಯ ಕೆಳತುದಿಯೊಂದನ್ನು ಬಿಟ್ಟು. ಅಲ್ಲಿ ಗಾಯ ಒಣಗಲೇ ಇಲ್ಲ. ಬೆಳಿಗ್ಗೆ ಕಟ್ಟಿದ ಪಟ್ಟಿ ಸಂಜೆಗೆ ತೇವ. ಮಂಡಿ ಮುಟ್ಟಿದರೆ ಬಿಸಿ, ಊರಿದರೆ ನೋವು. ಆಸ್ಪತ್ರೆಗೆ ಹೋದರೆ ಅಕ್ಕನೇ ಪಟ್ಟಿ ಬಿಚ್ಚುತ್ತಿದ್ದಳು, ಹತ್ತಿಯಲ್ಲಿ ಒರೆಸುತ್ತಿದ್ದಳು, "ಬರೀ ನೀರು ಕಣೋ" ಅನ್ನುತ್ತಿದ್ದಳು. ಭಾವ ಬಾಗಿಲಲ್ಲೇ ನಿಂತು ಇನ್ನೊಂದು ಬಣ್ಣದ ಮಾತ್ರೆ ಹೇಳುತ್ತಿದ್ದರು. ಹಸಿರು ಮುಗಿಯಿತು, ಹಳದಿ ಮುಗಿಯಿತು, ಕೆಂಪು ಬಂತು. ಟ್ರಾಫಿಕ್ ದೀಪದ ಕ್ರಮವೂ ಅದೇ ಅಲ್ಲವೇ ಎಂದು ನಾನು ತಮಾಷೆ ಮಾಡಿದೆ.

ನನ್ನ ಹೆಂಡತಿ ತಮಾಷೆಯ ಕುಲದವಳಲ್ಲ. ಒಂದು ಬೆಳಿಗ್ಗೆ ಬಿಚ್ಚಿದ ಪಟ್ಟಿಯನ್ನು ಮೂಗಿನ ಹತ್ತಿರ ತಂದು ಕೇಳಿದಳು: "ನೀರಿಗೆ ಬಣ್ಣ ಇರತ್ತೇನ್ರೀ? ವಾಸನೆ ಇರತ್ತೇನ್ರೀ? ನಾನು ಸ್ಕೂಲಲ್ಲಿ ಬೇರೆ ಥರ ಓದಿದ್ದೆ."

"ಕೀಲು ಹಾಕಿಸ್ಕೊಂಡ್ರೆ ಸ್ವಲ್ಪ ಕೀವು ಬರತ್ತೆ ಕಣೇ. ಒಂದೇ ಅಕ್ಷರದ ವ್ಯತ್ಯಾಸ."

"ನಿಮ್ಮ ಅಕ್ಷರಕ್ಕಿಷ್ಟು ಬೆಂಕಿ ಹಾಕ. ಬೇರೆ ಡಾಕ್ಟರಿಗೆ ತೋರ್ಸೋಣ ಬನ್ನಿ."

"ಅಕ್ಕ ನೀರು ಅಂದ್ಳಲ್ಲ. ಮುಗೀತು."

ನನಗೆ ಅಷ್ಟು ಸಾಕಿತ್ತು. ಚಿಕ್ಕಂದಿನಲ್ಲಿ ನನ್ನ ಹಲ್ಲು ಕೀಳಿಸುವಾಗ ಮನೆಯವರೆಲ್ಲ "ನೋಯಲ್ಲ, ನೋಯಲ್ಲ" ಎಂದು ಸುಳ್ಳು ಹೇಳುತ್ತಿದ್ದರೆ, "ನೋಯತ್ತೆ ಕಣೋ, ಆದ್ರೆ ಬೇಗ ಮುಗಿಯತ್ತೆ" ಎಂದವಳು ಅಕ್ಕ ಒಬ್ಬಳೇ. ಆವತ್ತಿನಿಂದ ಯಾರು ಏನೇ ಹೇಳಲಿ, ಅಕ್ಕ ಏನು ಹೇಳುತ್ತಾಳೆ ಎಂದು ಕಾಯುವುದು ನನ್ನ ಅಭ್ಯಾಸ.

ಆ ದಿನವೂ ಹೋದೆವು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಳು. ನನ್ನನ್ನು ಪಟ್ಟಿ ಕಟ್ಟುವ ಕೋಣೆಯ ಎತ್ತರದ ಮಂಚದ ಮೇಲೆ ಮಲಗಿಸಿ ಹೋದರು. ಭಾವ ಹೊರಗಡೆ ರೋಗಿಗಳನ್ನು ನೋಡುತ್ತಿದ್ದರು, ಅಕ್ಕ ಥಿಯೇಟರಿನಲ್ಲಿ. ನೋಡಲು ಇದ್ದದ್ದು ಒಂದು ಸ್ಟೀಲ್ ಬೋಗುಣಿ, ಹತ್ತಿಯ ಡಬ್ಬ, ಗೋಡೆಯ ಮೇಲೆ ಆಸ್ಪತ್ರೆಯ ಒಳಗಿನ ಫೋನು. ಕೈಗೆಟಕುವಂತಿತ್ತು. ಬೇಸರಗೊಂಡ ಗಿಣಿಯ ಪಕ್ಕದಲ್ಲಿ ಯಾರಾದರೂ ಫೋನು ಇಡುತ್ತಾರೆಯೇ? ಥಿಯೇಟರಿನ ನಂಬರು ಒತ್ತಿದೆ. ಅಕ್ಕನಿಂದ ಕಾಫಿ ತರಿಸಿಕೊಳ್ಳುವುದಷ್ಟೇ ನನ್ನ ಉದ್ದೇಶ.

"ಹ್ಞಾಂ..." ಅಂದೆ.

"ಹೇಳ್ರೀ. ಬಂದಿದ್ದಾನಾ ಅವನು?"

ಅವನು ಅಂದರೆ ನಾನೇ. ಮಜಾ ಅನ್ನಿಸಿತು. "ಹ್ಞಾಂ..."

"ಗಾಯ ನೋಡಿದ್ರಾ? ಜಾಸ್ತಿ ಆಗಿದ್ಯಾ?"

"ಹ್ಞಾಂ... ಹೇಗಂದ್ರೇ..."

"ನಂಗೊತ್ತಿತ್ತು." ಅಕ್ಕ ದನಿ ತಗ್ಗಿಸಿದಳು. "ರೀ, ಅವತ್ತೇ ಹೇಳ್ದೆ ತಾನೇ, ಟ್ರೇ ಒದ್ದೆ ಇದೆ, ವಾಪಸ್ ಕಳಿಸ್ತೀನಿ ಅಂತ? ಮತ್ತೆ ಬೇಯಿಸಿ ತರೋಷ್ಟರಲ್ಲಿ ಇಂಜೆಕ್ಷನ್ ಇಳಿದ್ಹೋಗತ್ತೆ, ನಮ್ಮ ಗಿಣಿ ತಾನೇ, ನಡಿಯತ್ತೆ ಬಿಡು ಅಂದ್ರಿ. ನಾನೂ ಹೂಂ ಅಂದೆ. ಬೇರೆ ಯಾರಾದ್ರೂ ಆಗಿದ್ರೆ ಅಂತಿರ್ಲಿಲ್ಲ ರೀ ನಾನು. ಸತ್ರೂ ಅಂತಿರ್ಲಿಲ್ಲ."

ನಾನು ಉಸಿರಾಡಲಿಲ್ಲ. ಅವಳಿಗೆ ಅದೂ ಭಾವನ ಮೌನದಂತೆಯೇ ಕೇಳಿಸಿರಬೇಕು.

"ಬಿಚ್ಚಿ ತೊಳೀಲೇಬೇಕು. ತೊಳೆದ್ರೆ ಸೋಂಕು ಅಂತ ವರದಿ ಹೋಗತ್ತೆ, ಹೊರಗಿನೋರು ಬರ್ತಾರೆ, ಥಿಯೇಟರಿಗೆ ಬೀಗ ಬೀಳತ್ತೆ, ಅದೇ ತಾನೇ ನಿಮ್ಮ ಭಯ? ನಂಗೂ ಭಯಾನೇ. ಆದ್ರೆ ಎಷ್ಟು ದಿನ ಅಂತ ಮಾತ್ರೆ ನುಂಗಿಸ್ತೀರಿ?" ಆಮೇಲೆ ಕೇಳಿದಳು: "ಹೋಗ್ಲಿ. ಇವತ್ತೇನು ಹೇಳ್ಲಿ ಅವನಿಗೆ? ನೀರು ಅಂತಲೇ ಹೇಳ್ಲಾ?"

ಫೋನು ಇಡಬಹುದಿತ್ತು. ನನ್ನ ದನಿಯಲ್ಲಿ "ಅಕ್ಕಾ" ಅನ್ನಬಹುದಿತ್ತು. ಆದರೆ ಗಂಟಲಲ್ಲಿ ಭಾವ ಕೂತುಬಿಟ್ಟಿದ್ದರು, ಏಳಲೊಲ್ಲರು.

"ನಂಬ್ತಾನಾ?" ಅಂದರು ಭಾವ, ನನ್ನ ಬಾಯಿಂದ.

"ನಾನು ಹೇಳಿದ್ರೆ ನಂಬ್ತಾನೆ."

"ಹ್ಞಾಂ... ಹಾಗಾದ್ರೆ ಹೇಳು."

ಫೋನಿಟ್ಟೆ. ಥಿಯೇಟರಿನಿಂದ ಈ ಕೋಣೆಗೆ ಒಂದು ಉದ್ದದ ಓಣಿ. ಅಷ್ಟು ದೂರ ನಡೆದು ಬರುವಷ್ಟರಲ್ಲಿ ಅವಳ ಮನಸ್ಸು ತಿರುಗಲಿ ಎಂದು ಬಯಸಿದೆ. ಬಾಗಿಲಲ್ಲಿ ನಿಂತು ಅಳಲಿ. ಬೈಯಲಿ. "ಗಿಣೀ, ಒಂದು ವಿಷಯ ಹೇಳ್ಬೇಕು" ಅನ್ನಲಿ. ಅಷ್ಟು ಅಂದರೆ ಸಾಕು, ಮಿಕ್ಕಿದ್ದೆಲ್ಲ ಕ್ಷಮಿಸಿಬಿಡುತ್ತೇನೆ ಎಂದು ನನ್ನೊಳಗೇ ತೀರ್ಪು ಬರೆದು ಸಹಿ ಹಾಕಿ ಇಟ್ಟುಕೊಂಡೆ.

ಅಕ್ಕ ಬಂದಳು. ಕೈ ತೊಳೆದಳು, ಬೆರಳಿನ ಸಂದುಗಳನ್ನೂ ಬಿಡದೆ. ಪಟ್ಟಿ ಬಿಚ್ಚಿದಳು. ಹೊಲಿಗೆಯ ಪಕ್ಕ ಒತ್ತಿದಾಗ ಹಳದಿಯಾಗಿ, ಗಟ್ಟಿಯಾಗಿ ಒಂದು ಎಳೆ ಹೊರಬಂತು. ಹತ್ತಿಯಲ್ಲಿ ಒರೆಸಿ, ಹತ್ತಿಯನ್ನು ಬೇಗ ಮಡಚಿ, ನನ್ನ ಕಡೆ ನೋಡಿ ನಕ್ಕಳು. ಸುಳ್ಳು ನಗೆಯಲ್ಲ. ನನಗೆ ಹಲ್ಲು ಬಂದಾಗಿನಿಂದ ಗೊತ್ತಿದ್ದ ಅದೇ ನಗೆ.

"ಬರೀ ನೀರು ಕಣೋ."

"ಹ್ಞಾಂ..." ಅಂದೆ ನಾನು. "ಹಾಗಾದ್ರೆ ಹೇಳು."

ಅವಳು ಮೊದಲು ಬಾಗಿಲ ಕಡೆ ತಿರುಗಿದಳು, ಗಂಡ ಬಂದರೇ ಎಂದು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಗೋಡೆಯ ಫೋನು ನೋಡಿದಳು. ಆಮೇಲೆ ನನ್ನನ್ನು. ಮಡಚಿದ ಹತ್ತಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ನೆಲಕ್ಕೆ ಏನು ಬಿದ್ದರೂ ಕೂಗಾಡುವವಳು ಅದನ್ನು ತುಳಿದುಕೊಂಡೇ ನಿಂತಿದ್ದಳು.

"ಗಿಣೀ..."

"ಆ ಹೆಸರು ಬೇಡ. ಆ ಹೆಸರು ಹೇಳಿಯೇ ಒದ್ದೆ ಟ್ರೇ ಇಟ್ಕೊಂಡಿದ್ದು."

ಅಷ್ಟರಲ್ಲಿ ನಿಜವಾದ ಭಾವ ಬಂದರು. ಅಕ್ಕನ ಮುಖ ನೋಡಿದ ಮೇಲೆ ಅವರಿಗೆ ಬೇರೇನೂ ಹೇಳಬೇಕಾಗಲಿಲ್ಲ. "ಹ್ಞಾಂ... ಹೇಗಂದ್ರೇ..." ಎಂದು ಶುರುಮಾಡಿದರು. ಈ ಸಲ ಹೇಗೆ ಎಂಬುದೂ ಬಂತು. ನೂರು ಜನಕ್ಕೆ ಮಾಡಿದರೆ ಒಬ್ಬಿಬ್ಬರಿಗೆ ಹೀಗೆ ಆಗುವುದುಂಟು. ಸೋಂಕು ಟ್ರೇಯಿಂದಲೇ ಬಂತು ಎಂದು ಯಾರು ಹೇಳಬಲ್ಲರು. ನನ್ನ ಚರ್ಮದಿಂದಲೇ ಬಂದಿರಬಹುದು.

"ಬಂದಿರಬಹುದು ಭಾವ," ಅಂದೆ. "ಬಂದಿದೆ ಅಂತ ಹೇಳಬಹುದಿತ್ತಲ್ಲ."

"ನೀನು ನಮ್ಮೋನು. ಅರ್ಥ ಮಾಡ್ಕೋತೀಯ ಅಂತ..."

"ಅರ್ಥ ಆಯ್ತು. ನಿಮ್ಮೋನಾಗಬಾರದಿತ್ತು. ದಾರೀಲಿ ಹೋಗೋನಾಗಿದ್ರೆ ಒಣಗಿದ ಟ್ರೇ ಸಿಗ್ತಿತ್ತು."

ಹೊರಗೆ ಬೆಂಚಿನ ಮೇಲಿಂದಲೇ ಎಲ್ಲ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಒಳಗೆ ಬಂದಳು. ತಾನೇ ಹತ್ತಿ ಇಟ್ಟು ಪಟ್ಟಿ ಕಟ್ಟಿದಳು, ಸೊಟ್ಟಗೆ. ನನ್ನ ಕಂಕುಳಿಗೆ ಕೋಲು ಕೊಟ್ಟಳು.

ಹೊಸ ಡಾಕ್ಟರು ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯವರು, ತಲೆ ನರೆತ ಹೆಂಗಸು. ಸೂಜಿ ಹಾಕಿ ಮಂಡಿಯೊಳಗಿಂದ ಎಳೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಡಾಕ್ಟರುಗಳು ಹೀಗೆ ಕೂತರೆ ಸುದ್ದಿ ಒಳ್ಳೆಯದಲ್ಲ.

"ನೋಡಿ, ಒಳಗೆ ಹಾಕಿರೋದು ಲೋಹ. ಅದಕ್ಕೆ ರಕ್ತ ಹರಿಯಲ್ಲ. ಕ್ರಿಮಿ ಅದರ ಮೇಲೆ ಕೂತು, ಕಲ್ಲಿನ ಮೇಲೆ ಪಾಚಿ ಕಟ್ಟತ್ತಲ್ಲ, ಹಾಗೆ ಕಟ್ಕೊಂಡ್ಬಿಡತ್ತೆ. ಆಮೇಲೆ ಮಾತ್ರೆ ಅದರೊಳಗೆ ಇಳಿಯಲ್ಲ. ಗಾಯ ಸೋರೋಕೆ ಶುರುವಾದಾಗಲೇ ಬಿಚ್ಚಿ ತೊಳೆದಿದ್ರೆ ಬಹುಶಃ ಕೀಲು ಉಳೀತಿತ್ತು. ಈಗ ತೆಗೀಲೇಬೇಕು. ಆ ಜಾಗಕ್ಕೆ ಔಷಧಿ ಬೆರೆಸಿದ ಸಿಮೆಂಟು ಇಡ್ತೀನಿ. ಕೆಲವು ತಿಂಗಳು ಕಾಯೋಣ. ಸೋಂಕು ಪೂರ್ತಿ ಹೋದ್ರೆ ಹೊಸದು ಹಾಕೋಣ."

"ಹೋಗ್ದಿದ್ರೆ?" ನನ್ನ ಹೆಂಡತಿ ಕೇಳಿದಳು.

"ಕಾಲು ಮಡಚೋಕೆ ಆಗದ ಹಾಗೆ ಮೂಳೆಗಳನ್ನ ಸೇರಿಸಿಬಿಡ್ಬೇಕಾಗತ್ತೆ. ಅಲ್ಲೀವರೆಗೂ ಹೋಗ್ಬಾರದು ಅಂತಲೇ ಕೇಳ್ತಿರೋದು, ಮೊದಲ ಆಪರೇಷನ್ನಲ್ಲಿ ಏನಾದ್ರೂ ಎಡವಟ್ಟಾಗಿತ್ತಾ? ಇವರು ನುಂಗಿರೋ ಮಾತ್ರೆಗಳಿಂದ ಪರೀಕ್ಷೇಲಿ ಕ್ರಿಮಿ ಸಿಗದೇ ಇರಬಹುದು. ಚರ್ಮದ ಕ್ರಿಮಿಗೆ ಒಂದು ಔಷಧಿ, ನೀರಲ್ಲಿ ಬದುಕೋ ಕ್ರಿಮಿಗೆ ಇನ್ನೊಂದು. ನಾನು ಊಹೆ ಮೇಲೆ ಸಿಮೆಂಟು ಕಲಸೋ ಹಾಗಾಗ್ಬಾರದು. ಥಿಯೇಟರಲ್ಲಿ ಇದ್ದವರು ಯಾರಾದ್ರೂ ಬಾಯಿ ಬಿಡ್ತಾರಾ?"

ನಾನು ಕೇಳಿದ್ದನ್ನು ಹೇಳಿದೆ, ಅಕ್ಕ-ಭಾವ ಎಂಬ ಮಾತೊಂದನ್ನು ಬಿಟ್ಟು. ಆದರೆ ನಾನು ಕೇಳಿದ್ದು ಅರ್ಧ ಫೋನು, ಅರ್ಧ ಮಂಪರು. ಯಾವ ಟ್ರೇ, ಎಷ್ಟು ನೀರು, ಅದರಲ್ಲಿದ್ದ ಯಾವ ಸಾಮಾನು ನನ್ನ ಮೂಳೆ ಮುಟ್ಟಿತು, ನನಗೇನು ಗೊತ್ತು? ಹೆಂಡತಿ ಹೊರಗೆ ಹೋಗಿ ಅಕ್ಕನಿಗೆ ಫೋನು ಮಾಡಿದಳು. ಏನು ಹೇಳಿದಳೋ, ಬಹಳ ಸಣ್ಣದಾಗಿತ್ತು ಮಾತು.

ಲೋಹ ತೆಗೆಯುವ ದಿನ ಬೆಳಿಗ್ಗೆ ಅಕ್ಕ ಬಂದಳು, ಒಬ್ಬಳೇ. ನನ್ನ ಮಂಚದ ಹತ್ತಿರ ಬರಲಿಲ್ಲ. ಡಾಕ್ಟರ ಎದುರು ನಿಂತು, ಕೈ ಕಟ್ಟಿಕೊಂಡು, ಪಾಠ ಒಪ್ಪಿಸುವ ಹಾಗೆ ಹೇಳಿದಳು. ಹಬೆಯ ಪೆಟ್ಟಿಗೆಗೆ ಆ ದಿನ ಸಾಮಾನು ಹೆಚ್ಚು ತುಂಬಿದ್ದರಿಂದ ಟ್ರೇ ಒಣಗಿರಲಿಲ್ಲ. ಬಟ್ಟೆಯ ಒಳಪದರವೂ ಒದ್ದೆಯಾಗಿತ್ತು. ತಳದಲ್ಲಿ ನೀರು ನಿಂತಿತ್ತು. ಅದನ್ನು ಒರೆಸಿ, ಅದರಲ್ಲಿದ್ದ ಗರಗಸದ ಅಲಗು, ಮೂಳೆಗೆ ಇಟ್ಟು ಅಳತೆ ನೋಡುವ ಅಚ್ಚುಗಳನ್ನೇ ಬಳಸಿದ್ದರು.

"ಗಾಯ ಯಾವಾಗಿಂದ ಸೋರ್ತಿತ್ತು?"

"ಮನೆಗೆ ಹೋದಾಗಿಂದ. ಕೀವು ಅಂತ ಮೊದಲ ವಾರವೇ ಗೊತ್ತಾಗಿತ್ತು. ಪೇಷೆಂಟ್‌ಗೆ ಹೇಳಿರಲಿಲ್ಲ."

ಪೇಷೆಂಟ್. ನಾನು ಅವಳ ಬಾಯಲ್ಲಿ ಕೇಳಿದ ನನ್ನ ಹೊಸ ಹೆಸರು. ಅವಳ ದನಿ ಎಲ್ಲೂ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು.

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಇಂಥ ಮಾತು ಹೇಳಲು ಯಾರೂ ತಾವಾಗಿ ಬರುವುದಿಲ್ಲ ಎಂದು ಅವರಿಗೂ ಅನ್ನಿಸಿರಬೇಕು.

"ಇವರು ನಿಮಗೇನಾಗ್ಬೇಕು?"

ಅಕ್ಕ ತಲೆ ತಗ್ಗಿಸಿದಳು. ನಾನೇ ಬಾಯಿ ಹಾಕಿದೆ: "ಆಗಬೇಕಾದ್ದೆಲ್ಲ ಆಗಿದೆ ಡಾಕ್ಟ್ರೇ. ಇನ್ನೇನೂ ಆಗೋದು ಬೇಡ."

ಯಾರೂ ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ.

"ಅಲ್ಲ, ಸಂಬಂಧ ಕೇಳಿದ್ದು," ಅಂದರು ಡಾಕ್ಟರು ಅಕ್ಕನಿಗೆ.

ಅಕ್ಕ ಆಗ ಮೊದಲ ಸಲ ನನ್ನ ಕಡೆ ನೋಡಿದಳು. ನಾನು ಹೇಳಲಿ ಎಂದು ಕಾದಳು. ನಾನು ಹೇಳಲಿಲ್ಲ.

"ಸಿಸ್ಟರ್," ಅಂದಳು.

ಡಾಕ್ಟರು ಅದನ್ನು ಅವಳ ಕೆಲಸ ಎಂದುಕೊಂಡರು. "ಸರಿ ಸಿಸ್ಟರ್, ಬಂದು ಹೇಳಿದ್ದಕ್ಕೆ ಉಪಕಾರವಾಯ್ತು" ಎಂದು ಥಿಯೇಟರಿನ ಕಡೆ ಹೊರಟರು. ನಾನು ತಿದ್ದಲಿಲ್ಲ.