ಕೆರೆಯೊಳಗಿನ ಹತ್ತೊಂಬತ್ತು ಮನೆಗಳು

ಮುದ್ದಮ್ಮನಿಗೆ ತಾನು ಬುದ್ಧಿವಂತೆ ಎಂಬ ಅನುಮಾನ ಶುರುವಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ ಒತ್ತಕ್ಷರ ಕಲಿತ ಮೇಲೆ. ಅದಕ್ಕೆ ಮುಂಚೆ ಎಲ್ಲರಂತೆ ಒಬ್ಬ ಹೆಂಗಸಾಗಿದ್ದಳು, ಯಾರಿಗೂ ತೊಂದರೆ ಇರಲಿಲ್ಲ. ಈಗ ಅರವತ್ತನಾಲ್ಕು. ಕೆಸರೆಯ ಆ ಬೀದಿಗೆ ಕರೆಂಟು ಬಿಲ್ಲು ಬರಲಿ, ಮದುವೆ ಕಾಗದ ಬರಲಿ, ಮೊದಲು ಅವಳ ಕನ್ನಡಕದ ಕೆಳಗೆ ಹಾದುಹೋಗಬೇಕು. ಓದಿ ಹೇಳು ಅಂದರೆ ಓದಿ ಹೇಳುವಳು. ಯಾರೂ ಕೇಳದೆಯೇ ಅರ್ಥವನ್ನೂ ಸೇರಿಸಿ ಹೇಳುವಳು. ತೊಂದರೆಯೆಲ್ಲ ಆ ಅರ್ಥದ್ದು.

ಆ ಬೀದಿಯಿಂದ ಹತ್ತೊಂಬತ್ತು ಹೆಂಗಸರು ದಿನಾ ಬೆಳಿಗ್ಗೆ ಬೋಗಾದಿಗೆ ಕೆಲಸಕ್ಕೆ ಹೋಗುತ್ತಿದ್ದರು. ಮುದ್ದಮ್ಮ ಹುಡುಗಿಯರ ಪಿಜಿಯೊಂದರಲ್ಲಿ ಅಡುಗೆಯವಳು. ಪಕ್ಕದ ಮನೆಯ ಬೆಟ್ಟಮ್ಮ ಹೊಸ ಬಡಾವಣೆಯಲ್ಲಿ ಗಾರೆ ಹೊರುವವಳು. ಉಳಿದವರದು ಹೆಚ್ಚುಕಡಿಮೆ ಮನೆಗೆಲಸ. ಐದು ಇಪ್ಪತ್ತಕ್ಕೆ ಒಂದು ಬಸ್ಸು ಹತ್ತಿ ಸಿಟಿ ಬಸ್ ಸ್ಟ್ಯಾಂಡಿಗೆ ಹೋಗಿ, ಅಲ್ಲಿ ಕಾದು, ಇನ್ನೊಂದು ಹಿಡಿದು ಬೋಗಾದಿ ಸೇರುವಷ್ಟರಲ್ಲಿ ಏಳು ಗಂಟೆಗೆ ಹತ್ತೇ ನಿಮಿಷ ಉಳಿದಿರುತ್ತಿತ್ತು. ರಿಂಗ್ ರೋಡಿನಲ್ಲಿ ನೇರವಾಗಿ ಒಂದು ಬಸ್ಸು ಬಿಟ್ಟರೆ ಆರರೊಳಗೆ ಮುಟ್ಟಬಹುದು. ಇಷ್ಟು ದಿನ ಅದು ಬರೀ ಆಸೆಯಾಗಿತ್ತು. ಆದರೆ ಪಿಜಿಯ ಯಜಮಾನಿ ಅಂಬುಜಾ ಮೊನ್ನೆ ಹೇಳಿಬಿಟ್ಟಿದ್ದಳು: "ಹುಡ್ಗೀರ್ಗೆ ಏಳೂಕಾಲಿಗೆ ಕ್ಲಾಸಂತೆ. ಇನ್ನೆರಡು ತಿಂಗಳಾದ್ಮೇಲೆ ಏಳಕ್ಕೆ ತಿಂಡಿ ಆಗ್ಲೇಬೇಕು ಮುದ್ದಮ್ಮ. ಆಗ್ದಿದ್ರೆ ಹತ್ರದೋರು ಯಾರಾದ್ರೂ ನೋಡ್ಕೋತೀನಿ, ಬೇಜಾರ್ ಮಾಡ್ಕೋಬೇಡಿ." ಮುದ್ದಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ದಿನ ಊಟ ಸೇರಲಿಲ್ಲ, ಅಷ್ಟೇ.

ಹೀಗಿರುವಾಗ ಬಸ್ ನಿಲ್ದಾಣದ ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು. ಮುದ್ದಮ್ಮ ಬೆರಳಿಟ್ಟು ಓದಿದಳು: "ಪ್ರಾದೇಶಿಕ ಸಾರಿಗೆ, ಸುಸ್ಥಿರತೆ ಮತ್ತು ಭೂಬಳಕೆ ಯೋಜನೆ. ಸಾರ್ವಜನಿಕರೊಂದಿಗೆ ಸಮಾಲೋಚನೆ. ಸ್ಥಳ: ಕೆಸರೆ ಸಮುದಾಯ ಭವನ."

"ಏನಂತೆ ಮುದ್ದಕ್ಕ?" ಬೆಟ್ಟಮ್ಮ ಕೇಳಿದಳು.

"ಸಾರಿಗೆ ಅಂದ್ರೆ ಬಸ್ಸು. ನಾವು ಹೋಗಿ ಕೇಳಿದ್ರೆ ಬುಡ್ತಾರೆ."

"ಆ ಉದ್ದದ್ದು?"

"ಸುಸ್ಥಿರತೆ. ಅಂದ್ರೆ ಬಸ್ಸು ದಾರೀಲಿ ಕೆಟ್ಟು ನಿಲ್ಲಬಾರ್ದು ಅಂತ."

"ಮೂರನೇದು?"

ಮುದ್ದಮ್ಮ ಕಾಗದದ ಮೂರನೆಯ ಪದಕ್ಕೆ ಬೆರಳಿಟ್ಟಳು. ಭೂಬಳಕೆ. ಬೀದಿಯ ಒಂದು ಮನೆಗೂ ಖಾತೆ ಇರಲಿಲ್ಲ. ಹಿಂದಿನ ಬೀದಿಗೆ ಒಂದು ವರ್ಷ ಅಳತೆಯವರು ಬಂದಿದ್ದರು, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದರು, ಮೂರನೆಯ ವಾರ ಜೆಸಿಬಿ ಬಂದಿತ್ತು. ಅವಳ ತಲೆಯೊಳಗೆ ಆ ಮೂರನೆಯ ಪದ ಮೊದಲ ಪದವನ್ನು ತುಳಿದುಕೊಂಡು ಮುಂದೆ ಬಂತು.

"ಹೋಗೋಣ," ಎಂದಳು. "ಆದ್ರೆ ನಾನು ಹೇಳ್ದಂಗೆ ಕೇಳ್ಬೇಕು."

ಭವನದಲ್ಲಿ ಸಿಂಚನ ಎಂಬ ಹುಡುಗಿ ಇದ್ದಳು. ಯೋಜನೆಯ ಕಚೇರಿಯವಳು, ಕುತ್ತಿಗೆಗೆ ಗುರುತಿನ ಚೀಟಿ, ಮುಖದಲ್ಲಿ ನಗು. ನಾಲ್ಕು ಬೆಂಚು ಜೋಡಿಸಿ ಅದರ ಮೇಲೆ ಮೈಸೂರಿನ ನಕ್ಷೆ ಹಾಸಿದ್ದಳು, ಈ ಕಡೆ ಕೆಸರೆ, ಆ ತುದಿಗೆ ಇಲವಾಲ. ಮೊದಲು ನಿವೃತ್ತ ಮೇಷ್ಟ್ರೊಬ್ಬರು ಎದ್ದು ಸೈಕಲ್ ದಾರಿಯ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿ, ತಮ್ಮ ಕಾರಿನಲ್ಲಿ ಹೊರಟುಹೋದರು. ಆಮೇಲೆ ಸಿಂಚನ ಎಲ್ಲರಿಗೂ ಹಣೆಬೊಟ್ಟಿನಷ್ಟು ಸಣ್ಣ ಚೀಟಿಗಳನ್ನು ಹಂಚಿದಳು. ನೀಲಿ ಬೊಟ್ಟು ಮನೆ ಇರುವಲ್ಲಿ, ಹಳದಿ ಬೊಟ್ಟು ಕೆಲಸಕ್ಕೆ ಹೋಗುವಲ್ಲಿ.

"ನೀವು ಎಲ್ಲಿಂದ ಎಲ್ಲಿಗೆ ಹೋಗ್ತೀರ ಅಂತ ಗೊತ್ತಾದ್ರೆ ತಾನೇ ಬಸ್ಸು ಎಲ್ಲಿಗೆ ಬೇಕು ಅಂತ ಗೊತ್ತಾಗೋದು ಅಮ್ಮ? ಅಲ್ಲೇ ಅಂಟಿಸಿ."

ಒಳ್ಳೆಯ ಹುಡುಗಿ. ಒಳ್ಳೆಯತನ ಕಂಡರೆ ಮುದ್ದಮ್ಮನಿಗೆ ಅನುಮಾನ ಹೆಚ್ಚು. ಹಿಂದಿನ ಬೀದಿಗೆ ಬಂದ ಅಳತೆಯವನೂ ಮಜ್ಜಿಗೆ ಕುಡಿದು "ನಿಮ್ಮ ಕೈ ಚೆನ್ನಾಗಿದೆ ತಾಯಿ" ಅಂದಿದ್ದನಂತೆ.

ಅವಳು ಹೆಂಗಸರನ್ನು ಮೂಲೆಗೆ ಕರೆದಳು. "ಹಳದಿನ ಬೋಗಾದಿಗೇ ಅಂಟ್ಸಿ, ಎಲ್ಲೈತೆ ಅಂತ ಆ ಹುಡ್ಗೀನೇ ತೋರಿಸ್ತಾಳೆ. ನೀಲೀನ ಮಾತ್ರ ಮನೆ ಮ್ಯಾಲೆ ಇಡಬ್ಯಾಡ್ರಿ. ಮನೆ ತೋರ್ಸಿದ್ರೆ ನಂಬರು ಬರೀತಾರೆ."

"ಮತ್ತೆಲ್ಲಿ ಇಡಾವು?"

ಮುದ್ದಮ್ಮ ನಕ್ಷೆಯ ಕಡೆ ನೋಡಿದಳು. ಅಕ್ಷರವೆಲ್ಲ ಇಂಗ್ಲಿಷು. ಗುರುತು ಸಿಕ್ಕಿದ್ದು ಒಂದೇ, ನೀಲಿಯಾಗಿ ದೊಡ್ಡದಾಗಿದ್ದ ಕೆರೆ. "ಕೆರೆಗಿಡಿ. ನೀಲಿ ಮ್ಯಾಲೆ ನೀಲಿ, ಕಾಣದೂ ಇಲ್ಲ. ಕೆರೆ ಒಡೆಯಕ್ಕೆ ಯಾರಾದ್ರೂ ಜೆಸಿಬಿ ತತ್ತಾರಾ?"

ಹೆಂಗಸರು ತಲೆದೂಗಿದರು. ಆ ತಲೆದೂಗುವಿಕೆಯನ್ನು ಮುದ್ದಮ್ಮ ಹದಿನೈದು ದಿನ ಮನಸ್ಸಿನಲ್ಲಿ ಚಪ್ಪರಿಸಿಕೊಂಡಳು. ಅಡುಗೆ ಮಾಡುತ್ತಾ ಒಬ್ಬಳೇ ನಗುವಳು. ಸರ್ಕಾರಕ್ಕೇ ಚಳ್ಳೆಹಣ್ಣು ತಿನ್ನಿಸಿ ಬಸ್ಸನ್ನೂ ತರುವ ಹೆಂಗಸು ಮೈಸೂರಲ್ಲಿ ಇನ್ನೊಬ್ಬಳಿದ್ದಾಳೆಯೇ ಎಂದು ಕುಕ್ಕರನ್ನು ಕೇಳುವಳು. ಕುಕ್ಕರು ಸಿಳ್ಳೆ ಹಾಕುತ್ತಿತ್ತು.

ಎರಡನೆಯ ಸಭೆಗೆ ಸಿಂಚನಳ ಜೊತೆ ಕಚೇರಿಯ ಸಾಹೇಬರೂ ಬಂದಿದ್ದರು. ಗೋಡೆಯ ಮೇಲೆ ಬೆಳಕು ಬಿಟ್ಟು ನಕ್ಷೆ ತೋರಿಸಿದರು. ಬೋಗಾದಿಯಲ್ಲಿ ಹಳದಿ ಬೊಟ್ಟು ಕಿಕ್ಕಿರಿದಿತ್ತು. ಕೆಸರೆ ಬೋಳು.

"ಕೆಸರೆಯಿಂದ ಬೋಗಾದಿ ಕಡೆಗೆ ಹೋಗೋರು ಯಾರೂ ಇಲ್ಲ ಅಂತ ಬಂದಿದೆ," ಎಂದಳು ಸಿಂಚನ. "ಆದ್ದರಿಂದ ಇಲ್ಲಿಗೆ ನೇರ ಬಸ್ಸಿನ ಅಗತ್ಯ ಕಾಣ್ತಿಲ್ಲ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಇನ್ನೊಂದು ಗಂಭೀರ ವಿಷಯ. ಕೆರೆಯೊಳಗೆ ಹತ್ತೊಂಬತ್ತು ಮನೆ ಇರೋ ಹಾಗೆ ಕಾಣ್ತಿದೆ. ಒತ್ತುವರಿ. ಇದನ್ನ ತೆರವು ಮಾಡೋದಕ್ಕೆ ಸಂಬಂಧಪಟ್ಟೋರಿಗೆ ಬರೀತೀವಿ."

ಹದಿನೆಂಟು ತಲೆಗಳು ಒಟ್ಟಿಗೆ ಮುದ್ದಮ್ಮನ ಕಡೆ ತಿರುಗಿದವು.

"ಭೇಷ್ ಮುದ್ದಕ್ಕ," ಬೆಟ್ಟಮ್ಮ ಕಿವಿಯಲ್ಲಿ ಹೇಳಿದಳು. "ಇದ್ದ ಮನೇನೂ ಅಡಗಿಸ್ದೆ, ಇಲ್ಲದ ಮನೇನೂ ಕೆಡವಿಸ್ತಾ ಇದೀಯ. ನಾಳೆಯಿಂದ ಕೆಲ್ಸಕ್ಕೆ ಈಜ್ಕೊಂಡು ಹೋಗಾವಾ?"

ಮುದ್ದಮ್ಮ ಲೆಕ್ಕ ಹಾಕಿದಳು. ಸುಮ್ಮನೆ ಕೂತರೆ ಯಾರಿಗೂ ಗೊತ್ತಾಗುವುದಿಲ್ಲ. ಮರ್ಯಾದೆ ಉಳಿಯುತ್ತದೆ, ಬಸ್ಸು ಹೋಗುತ್ತದೆ, ಬಸ್ಸಿನ ಹಿಂದೆಯೇ ಪಿಜಿಯ ಕೆಲಸವೂ ಹೋಗುತ್ತದೆ. ಇಲ್ಲ, ತನ್ನದೊಂದೇ ಆಗಿದ್ದರೆ ಕೂತುಬಿಡುತ್ತಿದ್ದಳೋ ಏನೋ. ಹದಿನೆಂಟು ಜನರ ಎದುರು ಕೂರುವುದು ನಿಲ್ಲುವುದಕ್ಕಿಂತ ಕಷ್ಟವಾಗಿತ್ತು. ಎದ್ದಳು.

"ಕೆರೇಲಿ ಯಾರೂ ಇಲ್ಲ ಸ್ವಾಮಿ. ಆ ಮನೆಗಳ್ನೆಲ್ಲ ಅಲ್ಲಿಗೆ ತಳ್ಳಿದೋಳು ನಾನೇ."

"ಅಂದ್ರೆ?"

"ಮನೆ ತೋರ್ಸಿದ್ರೆ ಕೆಡವ್ತೀರಾ ಅಂತ ಹೆದ್ರುಕೊಂಡು, ಕೆರೆ ಮ್ಯಾಲೆ ಅಂಟ್ಸಿ ಅಂತ ಇವರ್ಗೆಲ್ಲ ಬುದ್ಧಿ ಹೇಳ್ಕೊಟ್ಟೆ. ಇವರದೇನೂ ತಪ್ಪಿಲ್ಲ. ಬುದ್ಧಿ ನಂದು."

ಯಾರೋ ಹಿಂದಿನಿಂದ ಕಿಸಕ್ಕೆಂದರು, ನಗು ಬೆಂಚಿನಿಂದ ಬೆಂಚಿಗೆ ದಾಟಿತು. ಸಾಹೇಬರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಸಿಂಚನ ಮಾತ್ರ ನಗಲಿಲ್ಲ, ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು:

"ಅಜ್ಜಿ, ನಿಮ್ಮ ಆಧಾರ್‌ನಲ್ಲಿ ಯಾವ ವಿಳಾಸ ಇದೆ?"

"ಕೆಸರೆದೇ."

"ರೇಷನ್ ಕಾರ್ಡು?"

"ಅದೂ ಇಲ್ಲೀದೇ."

"ಓಟಿನ ಚೀಟಿ, ಕರೆಂಟು ಮೀಟರು, ಗ್ಯಾಸು?"

ಮುದ್ದಮ್ಮ ಒಂದೊಂದಕ್ಕೂ ತಲೆ ಅಲ್ಲಾಡಿಸುತ್ತಾ ಹೋದಳು. ಅಲ್ಲಾಡಿಸಿದಂತೆಲ್ಲ ಕನ್ನಡಕ ಜಾರುತ್ತಿತ್ತು.

"ಮತ್ತೆ ಯಾರಿಂದ ಬಚ್ಚಿಟ್ಟಿದ್ದು ಅಜ್ಜಿ?"

"ಅದ್ನೇ ಯೋಚ್ನೆ ಮಾಡ್ತಾ ಇವ್ನಿ ಕಣವ್ವ," ಎಂದಳು ಮುದ್ದಮ್ಮ, ನಿಜವಾಗಿಯೂ ಯೋಚಿಸುತ್ತ.

ಸಿಂಚನ ನಕ್ಷೆಯನ್ನು ಮತ್ತೆ ಬೆಂಚಿನ ಮೇಲೆ ಹಾಸಿ, ಹೊಸ ನೀಲಿ ಬೊಟ್ಟೊಂದನ್ನು ಕೈಗೆ ಕೊಟ್ಟಳು. "ಈಗ ಸರಿಯಾಗಿ ಅಂಟಿಸಿ. ಇದು ಭವನ. ಇಲ್ಲಿಂದ ನಿಮ್ಮ ಮನೆಗೆ ಹೇಗೆ ಹೋಗ್ತೀರ?"

"ಎಡಕ್ಕೆ ತಿರುಗಿ, ಗಿರಣಿ ದಾಟಿ, ಮೂರನೇ ಬೀದಿ." ಮುದ್ದಮ್ಮನ ಬೆರಳು ಎಡಕ್ಕೆ ತಿರುಗಿತು, ಗಿರಣಿ ದಾಟಿತು, ಬೆಳ್ಳಗಿನ ಖಾಲಿ ಜಾಗಕ್ಕೆ ಹೋಗಿ ನಿಂತಿತು. ಹಿಂದಕ್ಕೆ ಬಂದು ಮತ್ತೆ ಹೊರಟಿತು. ಮತ್ತೆ ಅಲ್ಲೇ. "ಬೀದಿ ಎಲ್ಲವ್ವ?"

ಸಿಂಚನ ಬಗ್ಗಿ ನೋಡಿದಳು. ಮುಖ ಕೆಂಪಾಯಿತು. "ಇದು ಹಳೇ ನಕ್ಷೆ ಅಜ್ಜಿ. ಇಲ್ಲಿ ಇನ್ನೂ ಹೊಲ ಅಂತಾನೇ ಇದೆ."

ಹೆದರಿ ಹೆದರಿ ಯಾವ ಮನೆಯನ್ನು ಬಚ್ಚಿಟ್ಟಿದ್ದಳೋ, ಆ ಮನೆಯನ್ನು ಅವರು ಬರೆದೇ ಇರಲಿಲ್ಲ. ಮುದ್ದಮ್ಮನಿಗೆ ಮೊದಲು ನಗು ಬಂತು. ಅದರ ಬೆನ್ನಿಗೇ ಸಿಟ್ಟು.

"ಹೊಲವಾ? ಮೂವತ್ತೊಂದು ವರ್ಸದಿಂದ ಇಲ್ಲಿ ಇವ್ನಿ. ಇಬ್ಬರು ಮಕ್ಳ ಮದ್ವೆ ಮಾಡಿವ್ನಿ ಆ ಮನೇಲಿ. ಬರೀ ತಾಯಿ, ಪೆನ್ನು ತಗೊಂಡು ಬರಿ. ಮೊದ್ಲು ಬೀದಿ ಬರಿ."

ಸಿಂಚನ ಸಾಹೇಬರ ಮುಖ ನೋಡಿದಳು. ಸಾಹೇಬರು ಕೈಯಾಡಿಸಿ ಬರೆ ಎಂದರು. ಹುಡುಗಿ ಗೆರೆ ಎಳೆದಳು. "ಇಷ್ಟು ನೆಟ್ಟಗಿಲ್ಲ ಕಣವ್ವ, ಟ್ಯಾಂಕ್ ಹತ್ರ ಸೊಟ್ಟಗೈತೆ" ಎಂದು ಮುದ್ದಮ್ಮ ತಿದ್ದಿಸಿದಳು. ಬೀದಿ ಮುಗಿದ ಮೇಲೆ, ಹತ್ತನೆಯ ಮನೆಯ ಮೇಲೆ ಬೊಟ್ಟು ಇಟ್ಟು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ರಭಸಕ್ಕೆ ಬೊಟ್ಟು ಜಾರಿ ಅರ್ಧ ಬೆಟ್ಟಮ್ಮನ ಮನೆಗೂ ಹತ್ತಿತು.

"ನನ್ ಜಾಗ ಬುಡಕ್ಕ!" ಎಂದು ಬೆಟ್ಟಮ್ಮ ನುಗ್ಗಿ ತನ್ನದನ್ನು ಪಕ್ಕದಲ್ಲೇ ಅಂಟಿಸಿದಳು. ಆಮೇಲೆ ಕರೆಯಬೇಕಾದ್ದೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಹೊಲದ ತುಂಬ ನೀಲಿ.

ಸಾಹೇಬರು ಎಣಿಸಿ, ಫೋನಿನಲ್ಲಿ ಯಾರ ಜೊತೆಗೋ ಮಾತಾಡಿ ಬಂದರು. ರಿಂಗ್ ರೋಡಿನ ಮೇಲೆ ಬೆಳಿಗ್ಗೆ ಒಂದು ಬಸ್ಸು, ಮೂರು ತಿಂಗಳು ಪರೀಕ್ಷೆಗೆ ಓಡಿಸಿ ನೋಡಬಹುದು ಅಂದರು. ಜನ ಹತ್ತಿದರೆ ಉಳಿಯುತ್ತದೆ, ಇಲ್ಲವಾದರೆ ಇಲ್ಲ. ಹಾಗೇ, ಬೀದಿ ನಕ್ಷೆಗೆ ಸೇರಿದ ಮಾತ್ರಕ್ಕೆ ಖಾತೆ ಆಗಿಬಿಡುವುದಿಲ್ಲ ಎಂದೂ ನೆನಪಿಸಿದರು. ಮುದ್ದಮ್ಮ "ಒಂದೊಂದಾಗಿ ಬರ್ಲಿ ಬುಡಿ" ಎಂದಳು.

"ಸರಿ, ಬಸ್ಸು ಎಲ್ಲಿ ನಿಲ್ಲಬೇಕು?" ಎಂದು ಸಿಂಚನ ಕೇಳಿದ್ದೇ ತಪ್ಪಾಯಿತು. ಹದಿನೈದು ದಿನದ ಹಿಂದೆ ಮನೆಯನ್ನು ಕೆರೆಯಲ್ಲಿ ಮುಳುಗಿಸಿದ್ದವರೆಲ್ಲ ಈಗ ಬಸ್ಸನ್ನು ತಂತಮ್ಮ ಬಾಗಿಲಿಗೇ ಎಳೆಯತೊಡಗಿದರು. ಒಬ್ಬಳಿಗೆ ಸೊಂಟ ನೋವು, ಒಬ್ಬಳ ಮನೆಯ ಮುಂದೆ ಮರದ ನೆರಳು. ಬೆಳಗಿನ ಐದು ಗಂಟೆಗೆ ನೆರಳು ಯಾಕೆ ಅಂತ ಯಾರೂ ಕೇಳಲಿಲ್ಲ. ಮುದ್ದಮ್ಮ ಎಲ್ಲರನ್ನೂ ಸಮಾಧಾನ ಮಾಡಿ, ನ್ಯಾಯವಾಗಿ, ಬೀದಿಯ ನಡುಮಧ್ಯ ಇರಲಿ ಅಂದಳು.

"ನಡುಮಧ್ಯ ಅಂದ್ರೆ ಹತ್ತನೇ ಮನೆ," ಎಂದಳು ಬೆಟ್ಟಮ್ಮ. "ಅದ್ಯಾರದಕ್ಕ?"

ಕೊನೆಗೆ ಬೀದಿಯೊಳಗೆ ಬಸ್ಸು ಹೊರಳುವುದೇ ಇಲ್ಲವೆಂದು ಸಾಹೇಬರು ಹೇಳಿ, ಗಿರಣಿಯ ಎದುರು ನಿಲ್ದಾಣವಾಯಿತು. ಎಲ್ಲರೂ ಸಮನಾಗಿ ಗೊಣಗಿದರು.

ಮುಂದಿನ ತಿಂಗಳ ಮೊದಲ ಸೋಮವಾರ ಐದು ಇಪ್ಪತ್ತೆರಡಕ್ಕೆ ಬಸ್ಸು ಬಂತು. ಕೂರಲು ಜಾಗ ಸಿಗದೆ ಮುದ್ದಮ್ಮ ಕಂಬ ಹಿಡಿದು ನಿಂತೇ ಹೋದಳು. ಅಂಬುಜಾ ಬಾಗಿಲು ತೆಗೆದಾಗ ಆರಕ್ಕೆ ಇನ್ನೂ ಐದು ನಿಮಿಷವಿತ್ತು. ಗೋಡೆಯ ಗಡಿಯಾರ ನೋಡಿದಳು, ಮುದ್ದಮ್ಮನನ್ನು ನೋಡಿದಳು, ಉಗ್ರಾಣದ ಬೀಗದ ಕೈ ಕೊಟ್ಟು ಮತ್ತೆ ಮಲಗಲು ಹೋದಳು.